ಸಿಗಡಿ ಹೊಂಡದಿಂದ ಹೊರಬಿದ್ದ ನೀರು ಯಾರ ತಲೆನೋವು?

ಹಿನ್ನೀರು

ಸಿಗಡಿ ಕೃಷಿ ಅಂದಕೂಡಲೇ ವಾದ ಎರಡು ಕಡೆ ಒಡೆಯುತ್ತದೆ. ಡಾಲರ್ ಬರುತ್ತದೆ, ಕೆಲಸ ಸಿಗುತ್ತದೆ, ಸುಮ್ನೆ ತಕರಾರು ತೆಗೀಬೇಡಿ ಅನ್ನುವವರು ಒಂದು ಕಡೆ. ಎಲ್ಲಾ ಹೊಂಡ ಮುಚ್ಚಿಸಿ ಅನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ನಾನು ಕೇಳುವುದು ಒಂದೇ. ಹೊಂಡಕ್ಕೆ ನೀರು ಎಲ್ಲಿಂದ ಬಂತು? ಬಳಸಿ ಮುಗಿದ ಮೇಲೆ ಎಲ್ಲಿಗೆ ಹೋಯಿತು?

ಒಂದು ಹೆಕ್ಟೇರ್ ಹೊಂಡ, 1.2 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ಅದರಲ್ಲಿ 1.2 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಹಳೆ ಪದ್ಧತಿಯಂತೆ ದಿನಕ್ಕೆ ಶೇ. 10ರಷ್ಟು ನೀರು ಬದಲಾಯಿಸಿದರೆ ದಿನವೂ 12 ಲಕ್ಷ ಲೀಟರ್ ಒಳಗೆ, 12 ಲಕ್ಷ ಲೀಟರ್ ಹೊರಗೆ. ಹೊರಗೆ ಹೋಗುವ ನೀರಿನಲ್ಲಿ ಸಿಗಡಿ ತಿನ್ನದೆ ಬಿಟ್ಟ ಫೀಡ್ ಇರುತ್ತದೆ, ಹಿಕ್ಕೆ ಇರುತ್ತದೆ, ಸತ್ತ ಪಾಚಿ, ಕಳಚಿದ ಚಿಪ್ಪು, ಕೆಲವೊಮ್ಮೆ ಔಷಧಿ ಕೂಡ. ಒಂದೇ ಹೊಂಡ ಇದ್ದರೆ ಅಳಿವೆಗೆ (ಹೊಳೆ ಸಮುದ್ರ ಸೇರುವ ಜಾಗಕ್ಕೆ) ಗೊತ್ತೂ ಆಗುವುದಿಲ್ಲ, ಎರಡು ಇಳಿತ ಬಂದರೆ ತೊಳೆದು ಹೋಗುತ್ತದೆ. ಅದೇ ಹೊಳೆಯ ಎರಡೂ ದಡದಲ್ಲಿ ಸಾಲಾಗಿ ಹೊಂಡಗಳು ಬಂದಾಗ ನನ್ನ ತೂಬಿನಿಂದ ಹೋದ ನೀರೇ ನಿಮ್ಮ ಪಂಪಿಗೆ ಬರುತ್ತದೆ. ನಿಮ್ಮದು ಇನ್ನೊಬ್ಬರಿಗೆ.

ಆದರೆ ಪರವಾನಗಿ ಕೊಡುವುದು ಹೊಂಡಕ್ಕೆ. ತಪಾಸಣೆ ಆಗುವುದು ಹೊಂಡದಲ್ಲಿ. ಸರ್ಟಿಫಿಕೇಟ್ ಸಿಗುವುದೂ ಫಾರಂಗೆ. ಹೊಳೆಗೆ ಎಷ್ಟು ತಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಪರಿಸರ ಹಾನಿ ಅಂತ ನಾವು ಪಟ್ಟಿ ಮಾಡುವ ಬಹುತೇಕ ಎಲ್ಲವೂ ಇಲ್ಲಿಂದಲೇ ಹುಟ್ಟುತ್ತದೆ ಅಂತ ನನ್ನ ವಾದ. ಒಪ್ಪದವರು ಬನ್ನಿ, ಮಾತಾಡೋಣ.

ಏರೇಟರ್

ನಾನು ಹೊಂಡದ ಕೆಲಸದಲ್ಲೇ ಇರುವವನು, ಅದಕ್ಕೆ ಮೊದಲು ನಾನೇ ಬರುತ್ತೇನೆ 🙂

ದಿನಾ ಶೇ. 10 ನೀರು ಬದಲಾಯಿಸುವುದು, ಈಗಿನ ವೆನ್ನಾಮಿ ಅನ್ನುವ ಸಿಗಡಿ ಜಾತಿ ಬರುವ ಮುಂಚೆ ಬೆಳೆಯುತ್ತಿದ್ದ ಟೈಗರ್ ಸಿಗಡಿ ಕಾಲದ ಕಥೆ. ಈಗ ಹೊರಗಿನ ನೀರು ಒಳಗೆ ಬಿಡಲು ನಮಗೇ ಭಯ. ಯಾಕೆಂದರೆ ನೀರಿನ ಜೊತೆಗೇ ರೋಗ ಬರುತ್ತದೆ. ನೀರನ್ನು ಮೊದಲು ಒಂದು ಸಂಗ್ರಹ ಹೊಂಡಕ್ಕೆ ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕಿ, ಕೆಲವು ದಿನ ಬಿಟ್ಟು ಆಮೇಲೆ ಬಳಸುತ್ತೇವೆ. ಬೆಳೆ ಮುಗಿಯುವವರೆಗೆ ಆವಿಯಾದಷ್ಟು ಮಾತ್ರ ತುಂಬಿಸುವವರು ಬೇಕಾದಷ್ಟು ಜನ ಇದ್ದಾರೆ. ಬದುವಿನ ಸುತ್ತ ಏಡಿ ಬಾರದಂತೆ ಬೇಲಿ, ಮೇಲೆ ಹಕ್ಕಿ ಇಳಿಯದಂತೆ ದಾರ. ಫೀಡ್ ಕೂಡ ಕಣ್ಣುಮುಚ್ಚಿ ಸುರಿಯುವುದಿಲ್ಲ. ನೀರಲ್ಲಿ ಇಳಿಬಿಟ್ಟ ಚೆಕ್ ಟ್ರೇ ಎತ್ತಿ ನೋಡುತ್ತೇವೆ, ಫೀಡ್ ಉಳಿದಿದೆಯಾ, ಸಿಗಡಿಯ ಬೆನ್ನಿನ ಮೇಲಿನ ಕರುಳಿನ ಗೆರೆ ತುಂಬಿದೆಯಾ, ಮಧ್ಯೆ ಮಧ್ಯೆ ಕಡಿದಿದೆಯಾ ಅಂತ. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಚಿಪ್ಪು ಕಳಚುತ್ತವೆ, ಆಗ ಮೇವು ಕಮ್ಮಿ ಮಾಡುತ್ತೇವೆ. ಬೆಳೆ ಖರ್ಚಿನ ಅರ್ಧಕ್ಕೂ ಜಾಸ್ತಿ ಫೀಡಿಗೇ ಹೋಗುವಾಗ ಅದನ್ನು ಹೊಳೆಗೆ ಸುರಿಯಲು ನಮಗೇನು ಹುಚ್ಚೇ?

ಹಿನ್ನೀರು

@ಏರೇಟರ್ ನೀವು ಹೇಳಿದ್ದು ಸರಿ, ದಿನದ ನೀರು ಬದಲಾವಣೆ ತುಂಬಾ ಕಡೆ ಕಮ್ಮಿ ಆಗಿದೆ. ಆದರೆ ಸಿಗಡಿ ಹಿಡಿಯುವ ದಿನ ಏನು ಮಾಡುತ್ತೀರಿ? ತೂಬು ತೆಗೆದು ಇಡೀ ಹೊಂಡ ಖಾಲಿ ಮಾಡಬೇಕು, ಅಲ್ವಾ? ಅದರಲ್ಲೂ ಕೊನೆಯ ಶೇ. 10-20 ನೀರು ಇದೆಯಲ್ಲ, ಬಲೆ ಎಳೆಯುವಾಗ, ಜನ ಒಳಗೆ ಓಡಾಡುವಾಗ ತಳದ ಕೆಸರೆಲ್ಲ ಕಲಕಿ ಬರುವ ನೀರು, ಅದರಲ್ಲೇ ಕೊಳೆ ಅತಿ ಹೆಚ್ಚು ಇರುವುದು. ಮೇಲಿನ ನೀರು ನೋಡಿ ಪರವಾಗಿಲ್ಲ ಅನ್ನಬಹುದು. ಕೊನೆಯ ನೀರು ಕಪ್ಪಗೆ ಬರುತ್ತದೆ.

ಏರೇಟರ್

ಅದು ಹೌದು. ಅಷ್ಟನ್ನಾದರೂ ಒಂದು ತಂಗುಹೊಂಡಕ್ಕೆ ಬಿಟ್ಟು, ಕೆಸರು ಕೆಳಗೆ ಕೂತ ಮೇಲೆ ಹೊರಗೆ ಬಿಡಬೇಕು ಅಂತ ಎಲ್ಲರಿಗೂ ಗೊತ್ತು. ಮಾಡುವವರು ಕಮ್ಮಿ. ಎರಡು ಎಕರೆ ಇಟ್ಟುಕೊಂಡವನು ಅದರಲ್ಲಿ ತಂಗುಹೊಂಡಕ್ಕೆ ಜಾಗ ಎಲ್ಲಿಂದ ತರಬೇಕು ಹೇಳಿ.

ಲೆಕ್ಕಿಗ

ಸ್ವಲ್ಪ ಲೆಕ್ಕ ಹಾಕೋಣ, ಆಗ ಎಷ್ಟು ಅನ್ನುವ ಅಂದಾಜು ಸಿಗುತ್ತದೆ.

ಹೆಕ್ಟೇರಿಗೆ 5 ಟನ್ ವೆನ್ನಾಮಿ ಬಂತು ಅಂತಿಟ್ಟುಕೊಳ್ಳಿ. ಕೆಜಿ ಸಿಗಡಿಗೆ ಒಂದೂವರೆ ಕೆಜಿ ಫೀಡ್ ಅಂದರೆ 7.5 ಟನ್. ಫೀಡಿನಲ್ಲಿ ಶೇ. 35 ಪ್ರೋಟೀನ್ ಇದ್ದರೆ 2,625 ಕೆಜಿ ಪ್ರೋಟೀನ್. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ: 420 ಕೆಜಿ. ಈಗ ಹಿಡಿದ ಸಿಗಡಿ ಕಡೆ ಬನ್ನಿ. 5,000 ಕೆಜಿಯಲ್ಲಿ ಸುಮಾರು ಶೇ. 18 ಪ್ರೋಟೀನ್, 900 ಕೆಜಿ, ಅದರಲ್ಲಿ ಸಾರಜನಕ 144 ಕೆಜಿ. ಉಳಿದ 276 ಕೆಜಿ ಸಾರಜನಕ ಎಲ್ಲಿ ಹೋಯಿತು? ನೀರಿಗೆ, ತಳದ ಕೆಸರಿಗೆ, ಸ್ವಲ್ಪ ಗಾಳಿಗೆ. ಅಂದರೆ ದುಡ್ಡು ಕೊಟ್ಟು ತಂದ ಸಾರಜನಕದಲ್ಲಿ ಮೂರನೇ ಎರಡು ಭಾಗ ಸಿಗಡಿಯ ಮೈಗೆ ಹತ್ತಲೇ ಇಲ್ಲ. ಚೆನ್ನಾಗಿ ನೋಡಿಕೊಂಡ ಹೊಂಡದ ಲೆಕ್ಕ ಇದು. ಫೀಡ್ ಜಾಸ್ತಿ ತಿಂದು ಸಿಗಡಿ ಕಮ್ಮಿ ಬಂದರೆ ಇನ್ನೂ ಕೆಟ್ಟದು.

ಸಿಗಡಿ ಮೀನಿನ ಹಾಗೆ ಗಬಕ್ಕನೆ ನುಂಗುವುದಿಲ್ಲ. ಕಾಳನ್ನು ಕಾಲಿನಲ್ಲಿ ಹಿಡಿದು ಕೆರೆದು ಕೆರೆದು ತಿನ್ನುತ್ತದೆ. ಅಷ್ಟರಲ್ಲಿ ಕಾಳು ನೆನೆದು ಪುಡಿಯಾಗಿ ನೀರಿಗೆ ಸೇರುತ್ತದೆ. ಇದು ರೈತನ ಸೋಮಾರಿತನ ಅಲ್ಲ, ಪ್ರಾಣಿಯ ಸ್ವಭಾವವೇ ಹಾಗೆ.

ಸುಮ್ನೆ_ಓದುಗ

ಲೆಕ್ಕಿಗ ಸರ್, ಸಾರಜನಕ ಗೊಬ್ಬರ ತಾನೇ? ಹೊಳೆಗೆ ಗೊಬ್ಬರ ಹೋದರೆ ಮೀನಿಗೆ ಒಳ್ಳೇದೇ ಆಗಬೇಕಲ್ಲ? ಗೊತ್ತಿಲ್ಲದೆ ಕೇಳುತ್ತಿದ್ದೇನೆ, ನಗಬೇಡಿ.

ಲೆಕ್ಕಿಗ

ನಗುವಂಥದ್ದೇನಿಲ್ಲ, ಸ್ವಲ್ಪ ಮಟ್ಟಿಗೆ ನಿಜವೇ. ಚೂರು ಗೊಬ್ಬರದಿಂದ ಪಾಚಿ ಬೆಳೆಯುತ್ತದೆ, ಪಾಚಿ ತಿಂದು ಸಣ್ಣ ಜೀವಿ, ಅದನ್ನು ತಿಂದು ಮೀನು. ಜಾಸ್ತಿ ಆದಾಗ ಕಷ್ಟ ಶುರು. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಬ್ಯಾಕ್ಟೀರಿಯಾ ಉಳಿದದ್ದನ್ನೂ ಎಳೆದುಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ನೀರಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. ಹೊಂಡದಲ್ಲಿ ನೀರಿಗೆ ಗಾಳಿ ಬೆರೆಸುವ ಯಂತ್ರ, ಏರೇಟರ್, ರಾತ್ರಿಯಿಡೀ ತಿರುಗುವುದು ಇದೇ ಕಾರಣಕ್ಕೆ. ಹೊಳೆಗೆ ಏರೇಟರ್ ಹಾಕುವವರು ಯಾರು? ತಳದಲ್ಲಿ ಕೂತ ಚಿಪ್ಪಿನ ಜೀವಿಗಳಿಗೆ, ಏಡಿ ಮರಿಗೆ ಓಡಿಹೋಗಲೂ ಆಗುವುದಿಲ್ಲ.

ಕಾಂಡ್ಲಾ_ಬೇರು

ನೀರಿನ ಮಾತು ಸರಿ, ಆದರೆ ಹೊಂಡ ತೋಡುವ ದಿನದಿಂದಲೇ ಶುರು ಮಾಡಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು ಹೊಂಡ ಮಾಡಿದ್ದು ಎಲ್ಲಕ್ಕಿಂತ ದೊಡ್ಡ ನಷ್ಟ. 2001ರಲ್ಲಿ ಪ್ರಕಟವಾದ ಒಂದು ಜಾಗತಿಕ ಲೆಕ್ಕದ ಪ್ರಕಾರ ಅದಕ್ಕೂ ಹಿಂದಿನ ಎರಡು ದಶಕದಲ್ಲಿ ಕಾಂಡ್ಲಾ ಕಾಡಿನ ಸುಮಾರು ಶೇ. 35 ಭಾಗ ಹೋಗಿತ್ತು. ಹೋದದ್ದರಲ್ಲಿ ಶೇ. 38ರಷ್ಟು ಸಿಗಡಿ ಹೊಂಡಕ್ಕೇ.

ಕಡಿಯುವವರಿಗೆ ಒಂದು ಪಾಠ ಅಲ್ಲೇ ಕಾದಿರುತ್ತದೆ. ಕಾಂಡ್ಲಾ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಇರುತ್ತದೆ. ನೀರಿನಡಿ ಇರುವವರೆಗೆ ಅದರ ಪಾಡಿಗೆ ಅದು. ಅಗೆದು ಬದು ಕಟ್ಟಿ ಗಾಳಿ ಬಿಸಿಲಿಗೆ ಒಡ್ಡಿದಿರೋ, ಗಂಧಕಾಮ್ಲ ಆಗುತ್ತದೆ. ಮೊದಲ ಮಳೆಗೆ ಬದುವಿನಿಂದ ತುಕ್ಕು ಬಣ್ಣದ ನೀರು ಇಳಿದು ಹೊಂಡದ ಪಿಎಚ್ ದಡಕ್ಕನೆ ಬೀಳುತ್ತದೆ, ಸಿಗಡಿ ಸಾಯುತ್ತವೆ. ಆಮೇಲೆ ಮೂಟೆಗಟ್ಟಲೆ ಸುಣ್ಣ. ಹಾಗಾಗಿ ಕಾಂಡ್ಲಾ ಜಾಗ ಸಿಗಡಿಗೇ ಹಿಡಿಸುವುದಿಲ್ಲ ಅಂತ ಈಗ ಸಿಗಡಿ ತಜ್ಞರೇ ಹೇಳುತ್ತಾರೆ. ಕಾಡು ಹೋಗಿ, ಮೀನು ಮರಿ ಹಾಕುವ ಜಾಗ ಹೋಗಿ, ಅಲೆ ತಡೆಯುವ ಬೇಲಿ ಹೋಗಿ, ಮೂರ್ನಾಲ್ಕು ಒಳ್ಳೆ ಬೆಳೆಯಾದ ಮೇಲೆ ಹೊಂಡವನ್ನೂ ಬಿಟ್ಟುಹೋದ ಕಡೆಗಳು ಥಾಯ್ಲೆಂಡಿನಲ್ಲಿ ಬೇಕಾದಷ್ಟಿವೆ.

ಇಂಗಾಲದ ಲೆಕ್ಕ ಬೇರೆ ಇದೆ. ಒಣನೆಲದ ಉಷ್ಣವಲಯದ ಕಾಡಿಗೆ ಹೋಲಿಸಿದರೆ ಅಷ್ಟೇ ಜಾಗದ ಕಾಂಡ್ಲಾದಲ್ಲಿ ಮೂರರಿಂದ ಐದು ಪಟ್ಟು ಇಂಗಾಲ ಇರುತ್ತದೆ, ಬಹುಪಾಲು ಮರದಲ್ಲಿ ಅಲ್ಲ, ಕೆಸರಿನಲ್ಲಿ. ಹೊಂಡಕ್ಕೆ ಅಗೆಯುವುದೇ ಆ ಕೆಸರನ್ನು.

ಏರೇಟರ್

@ಕಾಂಡ್ಲಾ_ಬೇರು 2001ರ ಅಂಕಿ ಹಿಡಿದು ಇವತ್ತಿನ ರೈತನಿಗೆ ಹೊಡೆಯಬೇಡಿ ಮಾರಾಯ್ರೇ. ಈಗಿನ ಹೊಸ ಹೊಂಡ ಹೆಚ್ಚಿನವು ಆಗುತ್ತಿರುವುದು ಗದ್ದೆಯಲ್ಲಿ, ಉಪ್ಪಾಗರದಲ್ಲಿ, ಪಾಳು ನೆಲದಲ್ಲಿ.

ಕಾಂಡ್ಲಾ_ಬೇರು

ಕಡಿಯುವ ವೇಗ ತಗ್ಗಿದೆ, ಒಪ್ಪುತ್ತೇನೆ. ಆಗ್ನೇಯ ಏಷ್ಯಾದಲ್ಲಿ 2000ದಿಂದ 2012ರವರೆಗೆ ಹೋದ ಕಾಂಡ್ಲಾದಲ್ಲಿ ಮೀನು-ಸಿಗಡಿ ಹೊಂಡದ ಪಾಲು ಸುಮಾರು ಶೇ. 30, ಉಳಿದದ್ದರಲ್ಲಿ ಭತ್ತ, ತಾಳೆ ಎಣ್ಣೆ ತೋಟ ಎಲ್ಲ ಇವೆ. ಆದರೆ ತಗ್ಗಿದ್ದು ತನ್ನಷ್ಟಕ್ಕೆ ಅಲ್ಲ. ಜನ ಜಗಳ ಆಡಿದ್ದಾರೆ. ಜುಲೈ 26 ಕಾಂಡ್ಲಾ ದಿನ ಅಂತ ಆಚರಿಸುತ್ತಾರಲ್ಲ, ಅದರ ಹಿಂದೆ ಈಕ್ವೆಡಾರಿನ ಮುಯಿಸ್ನೆ ಇದೆ. 1998ರಲ್ಲಿ ಅಲ್ಲಿನ ಜನ ಅಕ್ರಮ ಸಿಗಡಿ ಹೊಂಡದ ಬದು ಒಡೆದು ಕಾಂಡ್ಲಾ ಮರಳಿ ಬೆಳೆಸಲು ಹೊರಟಿದ್ದರು. ಜೊತೆಗಿದ್ದ ಮೈಕ್ರೋನೇಷ್ಯಾದ ಗ್ರೀನ್‌ಪೀಸ್ ಕಾರ್ಯಕರ್ತ ಹೇಹೋ ನಾನೊಟೊ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಯುನೆಸ್ಕೋ ಆ ದಿನವನ್ನು ಅಂಗೀಕರಿಸಿದ್ದು 2015ರಲ್ಲಿ.

ಅದಿರಲಿ, ಗದ್ದೆಯಲ್ಲಿ ಹೊಂಡ ಆದರೆ ಪರವಾಗಿಲ್ಲ ಅಂತ ನಿಮ್ಮ ಮಾತಿನ ಅರ್ಥವೇ?

ಒಣಗದ್ದೆ

ಈ ಪ್ರಶ್ನೆಗೆ ನಾನು ಬರುತ್ತೇನೆ. ಗದ್ದೆ ಪಕ್ಕ ಉಪ್ಪು ನೀರು ನಿಲ್ಲಿಸಿದರೆ ಏನಾಗುತ್ತದೆ ಅಂತ ಬದು ಹಂಚಿಕೊಂಡ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ವರ್ಷ ಬದುವಿನ ಪಕ್ಕದ ಒಂದೆರಡು ಸಾಲು ಪೈರಿನ ತುದಿ ಸುಟ್ಟ ಹಾಗೆ ಕಾಣುತ್ತದೆ. ಆಮೇಲೆ ಮಣ್ಣಿನ ಮೇಲೆ ಬೇಸಿಗೆಯಲ್ಲಿ ಬಿಳಿ ಪೊರೆ. ಆಮೇಲೆ ಬಾವಿ ನೀರು ಬಾಯಿಗೆ ಉಪ್ಪುಪ್ಪು. ಕೊನೆಗೆ ಪಕ್ಕದವನೂ ಬೇರೆ ದಾರಿ ಇಲ್ಲದೆ ತನ್ನ ಗದ್ದೆಯನ್ನು ಹೊಂಡಕ್ಕೇ ಲೀಸ್ ಕೊಡುತ್ತಾನೆ. ಹೊರಗಿನಿಂದ ನೋಡಿದವರು ಅವನು ಮನಸ್ಸಿನಿಂದಲೇ ಕೊಟ್ಟ ಅಂತ ಬರೆದುಕೊಳ್ಳುತ್ತಾರೆ.

ಬಾಂಗ್ಲಾದೇಶದ ಖುಲ್ನಾ, ಸಾತ್ಖೀರಾ ಕಡೆ ಇದು ಇಡೀ ಇಡೀ ಪೋಲ್ಡರ್‌ಗಳಲ್ಲಿ ಆಯಿತು. ಪೋಲ್ಡರ್ ಅಂದರೆ ಉಪ್ಪು ನೀರು ಒಳಗೆ ಬಾರದಿರಲಿ ಅಂತಲೇ ಸುತ್ತ ಏರಿ ಕಟ್ಟಿದ ಪ್ರದೇಶ. ಆ ಏರಿಯನ್ನೇ ತೂತು ಮಾಡಿ ಸಿಗಡಿಗೆ ಉಪ್ಪು ನೀರು ಬಿಟ್ಟರು! ಭತ್ತ ಹೋಯಿತು, ದನಕ್ಕೆ ಹುಲ್ಲಿಲ್ಲ, ಕುಡಿಯುವ ನೀರಿಗೆ ಹೆಂಗಸರು ಮೈಲಿಗಟ್ಟಲೆ ನಡೆಯಬೇಕು. 22ನೇ ಪೋಲ್ಡರ್‌ನ ಜನ ಮಾತ್ರ ಬೇಡ ಅಂತ ಪಟ್ಟು ಹಿಡಿದರು. 1990ರ ನವೆಂಬರ್ 7ರಂದು ಆ ವಿರೋಧದ ಮುಂದೆ ನಿಂತಿದ್ದ ಕರುಣಾಮಯಿ ಸರ್ದಾರ್ ಅವರನ್ನು ಸಿಗಡಿ ಧಣಿಯ ಕಡೆಯವರು ಕೊಂದರು. ಅಲ್ಲಿ ಈಗಲೂ ಅವರ ನೆನಪಿಗೆ ಪ್ರತಿ ವರ್ಷ ಜನ ಸೇರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಪಾಳು ನೆಲ ಅಂತ ಹೇಳುವಾಗ ಅದನ್ನು ಪಾಳು ಮಾಡಿದ್ದು ಏನು ಅಂತಲೂ ಒಂದು ಮಾತು ಕೇಳಬೇಕಾಗುತ್ತದೆ.

ಲೆಕ್ಕಿಗ

ಇದಕ್ಕೆ ಸೇರಿಸಬೇಕಾದ್ದು ಅಂತರ್ಜಲ. ಟೈಗರ್ ಸಿಗಡಿಗೆ ಸಮುದ್ರದ ಪೂರ್ತಿ ಉಪ್ಪಿಗಿಂತ ಕಮ್ಮಿ ಉಪ್ಪಿನ ನೀರು ಹಿತ ಅಂತ ಬೋರ್ ತೋಡಿ ಸಿಹಿನೀರು ಬೆರೆಸುತ್ತಿದ್ದರು. ತೈವಾನಿನ ಪಿಂಗ್ಟುಂಗ್ ಕರಾವಳಿಯಲ್ಲಿ ಹೀಗೆ ಎಳೆದು ಎಳೆದು ನೆಲವೇ ಮೀಟರುಗಟ್ಟಲೆ ಕುಸಿಯಿತು. ಮನೆಯ ಕೆಳಗಿನ ಮಹಡಿ ರಸ್ತೆಗಿಂತ ಕೆಳಗೆ, ಮಳೆ ಬಂದರೆ ನೀರು ಒಳಗೆ. ತಮಾಷೆ ನೋಡಿ, ಸಿಗಡಿ ಉದ್ಯಮ ಅಲ್ಲಿ 1987ರಲ್ಲಿ ಉತ್ತುಂಗಕ್ಕೆ ಹೋಗಿ 1988ರಲ್ಲಿ ರೋಗದಿಂದ ಕುಸಿಯಿತು. ಕುಸಿದ ನೆಲ ಮೇಲೆ ಬರಲಿಲ್ಲ.

ಸುಮ್ನೆ_ಓದುಗ

ರೋಗ ರೋಗ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದು ರೈತನ ನಷ್ಟ ಅಲ್ವಾ? ಪರಿಸರದ ಲೆಕ್ಕಕ್ಕೆ ಹೇಗೆ ಬರುತ್ತದೆ?

ಹಿನ್ನೀರು

ಒಳ್ಳೆ ಪ್ರಶ್ನೆ. ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೇ ಬಂದಿರಿ.

ಬಿಳಿಚುಕ್ಕೆ ವೈರಸ್ 1990ರ ದಶಕದ ಮೊದಲ ವರ್ಷಗಳಲ್ಲಿ ಚೀನಾ, ತೈವಾನ್ ಕಡೆ ಕಾಣಿಸಿಕೊಂಡಿತು. ಕೆಲವೇ ವರ್ಷದಲ್ಲಿ ಭಾರತಕ್ಕೆ, 1999ಕ್ಕೆ ಈಕ್ವೆಡಾರಿಗೆ. ಬಂದ ಹೊಂಡದಲ್ಲಿ ವಾರದೊಳಗೆ ಬಹುತೇಕ ಎಲ್ಲ ಸಿಗಡಿ ಸಾಯುತ್ತವೆ. ಬರೀ ಸಿಗಡಿ ಅಲ್ಲ, ಏಡಿ ಮತ್ತಿತರ ಹತ್ತು ಕಾಲಿನ ಜೀವಿಗಳೆಲ್ಲ ಇದನ್ನು ಹೊತ್ತು ತಿರುಗುತ್ತವೆ. ಆಮೇಲೆ ಬಂದದ್ದು ಇಎಂಎಸ್, ಅಂದರೆ ಮರಿಗಳು ಬೇಗನೆ ಸಾಯುವ ರೋಗ. 2009ರಲ್ಲಿ ಚೀನಾ, ನಂತರ ವಿಯೆಟ್ನಾಂ, ಆಮೇಲೆ ಥಾಯ್ಲೆಂಡ್. ಮರಿ ಬಿಟ್ಟ ಒಂದು ತಿಂಗಳೊಳಗೆ ಹೊಂಡ ಖಾಲಿ. ಕಾರಣ ಒಂದು ವಿಬ್ರಿಯೋ ಬ್ಯಾಕ್ಟೀರಿಯಾ ಅಂತ ಪತ್ತೆ ಹಚ್ಚಿದ್ದು 2013ರಲ್ಲಿ, ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡ.

ಈಗ ಯೋಚಿಸಿ. ರೋಗ ಬಂದ ಹೊಂಡದ ರೈತ ಏನು ಮಾಡುತ್ತಾನೆ? ಉಳಿದಷ್ಟು ಸಿಗಡಿ ಹಿಡಿದು ಮಾರಿ, ರಾತ್ರಿ ತೂಬು ತೆಗೆಯುತ್ತಾನೆ. ಎಲ್ಲರೂ ಅಂತ ಹೇಳುತ್ತಿಲ್ಲ. ಒಬ್ಬ ಹಾಗೆ ಮಾಡಿದರೆ ಸಾಕು, ಆ ಕಾಲುವೆಯ ಮೇಲೆ ಇರುವ ಎಲ್ಲರಿಗೂ ಹರಡುತ್ತದೆ. ಹರಡುವ ಭಯಕ್ಕೆ ಪ್ರತಿಯೊಬ್ಬನೂ ಬ್ಲೀಚ್ ಹಾಕುತ್ತಾನೆ, ಕೀಟನಾಶಕ ಹಾಕಿ ಏಡಿ ಕೊಲ್ಲುತ್ತಾನೆ, ಕೆಲವರು ಆಂಟಿಬಯೋಟಿಕ್ ಹಾಕುತ್ತಾರೆ, ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ ಅಂತ ಗೊತ್ತಿದ್ದೂ. ಎಲ್ಲ ಜೀವಿಗಳನ್ನೂ ಕೊಂದ ನೀರಿನಲ್ಲಿ ಮೊದಲು ತಲೆ ಎತ್ತುವುದು ವಿಬ್ರಿಯೋನೇ. ಹೊಳೆ ಕೆಟ್ಟಷ್ಟೂ ರೋಗ ಜಾಸ್ತಿ, ರೋಗ ಜಾಸ್ತಿ ಆದಷ್ಟೂ ಹೊಳೆಗೆ ಬೀಳುವ ರಾಸಾಯನಿಕ ಜಾಸ್ತಿ. ರೈತನ ನಷ್ಟ ಬೇರೆ, ಪರಿಸರದ ನಷ್ಟ ಬೇರೆ ಅಂತ ವಿಂಗಡಿಸಲು ಇಲ್ಲಿ ಆಗುವುದಿಲ್ಲ.

ಏರೇಟರ್

ಆಂಟಿಬಯೋಟಿಕ್ ಬಗ್ಗೆ ಒಂದು ಮಾತು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎರಡೂ ನಿಷಿದ್ಧ. 2002ರ ಹೊತ್ತಿಗೆ ಯುರೋಪಿನಲ್ಲಿ ಏಷ್ಯಾದ ಸಿಗಡಿ ಸಿಕ್ಕಿಬಿದ್ದು ದೊಡ್ಡ ರಾದ್ಧಾಂತ ಆಗಿತ್ತು. 2016ರಿಂದ ಯುರೋಪ್ ಒಕ್ಕೂಟ ಭಾರತದ ಸಾಕಿದ ಸಿಗಡಿ ಕಂಟೇನರ್‌ಗಳಲ್ಲಿ ಅರ್ಧದಷ್ಟನ್ನು ತಪಾಸಣೆ ಮಾಡುತ್ತಿದೆ. ಹಾಗಾಗಿ ರಫ್ತುದಾರರು ಹೊಂಡದಲ್ಲೇ ಸ್ಯಾಂಪಲ್ ತೆಗೆಯುತ್ತಾರೆ. ಮೊದಲಿಗಿಂತ ಈಗ ಎಷ್ಟೋ ವಾಸಿ.

ಹಿನ್ನೀರು

ಗಮನಿಸಿದಿರಾ? ತಪಾಸಣೆ ಆಗುವುದು ಸಿಗಡಿಯ ಮಾಂಸಕ್ಕೆ. ತಿನ್ನುವವರ ತಟ್ಟೆಗೆ ಔಷಧಿ ಬೀಳಬಾರದು, ಅಷ್ಟೇ. ಅದೇ ಹೊಂಡದ ಕೆಸರನ್ನು ಯಾರು ತಪಾಸಣೆ ಮಾಡುತ್ತಾರೆ?

ಕೆಸರು ಹೇಗಿರುತ್ತದೆ ಅಂತ ನೋಡಿರದವರಿಗೆ ಹೇಳುತ್ತೇನೆ. ಏರೇಟರ್‌ಗಳು ನೀರನ್ನು ಸುತ್ತ ತಿರುಗಿಸುವುದರಿಂದ ಕೊಳೆಯೆಲ್ಲ ಹೊಂಡದ ನಡುವೆ ಗುಡ್ಡೆಯಾಗುತ್ತದೆ. ನೀರು ಬಸಿದಾಗ ಸುತ್ತ ಬೂದು ಮಣ್ಣು, ನಡುವೆ ಕರ್ರಗಿನ ಲೋಳೆ. ಕಾಲಿಟ್ಟರೆ ಪಾದ ಮುಳುಗುತ್ತದೆ, ಗುಳ್ಳೆ ಒಡೆದು ಕೊಳೆತ ಮೊಟ್ಟೆಯ ವಾಸನೆ. ಒಣಗಿದ ಮೇಲೆ ಅದನ್ನು ಕೆರೆದು ಬದುವಿನ ಮೇಲೆ ಹಾಕುತ್ತಾರೆ. ಮಳೆಗಾಲದಲ್ಲಿ ಅರ್ಧ ಹೊಂಡಕ್ಕೇ ವಾಪಸ್, ಅರ್ಧ ಹೊಳೆಗೆ. ಉಪ್ಪಿರುವುದರಿಂದ ತೋಟಕ್ಕೆ ಗೊಬ್ಬರ ಅಂತ ಒಯ್ಯಲೂ ಆಗುವುದಿಲ್ಲ.

ಕಡತ

ಕಾನೂನಿನ ಕಡೆ ಯಾರೂ ಬಂದಿಲ್ಲ, ನಾನು ಬರೆಯುತ್ತೇನೆ. ಭಾರತದಲ್ಲಿ ಈ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೇಸು ಹಾಕಿದವರು ತಮಿಳುನಾಡಿನ ಸರ್ವೋದಯ ನಾಯಕ ಎಸ್. ಜಗನ್ನಾಥನ್. ಅವರು ಮತ್ತು ಅವರ ಹೆಂಡತಿ ಕೃಷ್ಣಮ್ಮಾಳ್ ಭೂಮಿ ಇಲ್ಲದವರಿಗೆ ಭೂಮಿ ಕೊಡಿಸಲು ಜೀವನ ಸವೆಸಿದವರು, ಹಂಚಿದ ಭೂಮಿಯ ಪಕ್ಕವೇ ಸಿಗಡಿ ಕಂಪನಿಗಳು ಬಂದವು. 1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಕರಾವಳಿ ನಿಯಂತ್ರಣ ವಲಯದೊಳಗಿನ ಹೊಂಡಗಳನ್ನು 1997ರ ಮಾರ್ಚ್ 31ರೊಳಗೆ ತೆಗೆಯಬೇಕು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ, ಗದ್ದೆ, ಉಪ್ಪಾಗರ, ಕಾಂಡ್ಲಾ ಯಾವುದನ್ನೂ ಹೊಂಡ ಮಾಡುವಂತಿಲ್ಲ, ಹಾಳು ಮಾಡಿದವರೇ ಪರಿಹಾರ ಕೊಡಬೇಕು. ಸಿಗಡಿಯಿಂದ ಬರುವ ಆದಾಯಕ್ಕಿಂತ ಸಮಾಜಕ್ಕೆ, ಪರಿಸರಕ್ಕೆ ಆಗುವ ನಷ್ಟವೇ ದೊಡ್ಡದು ಅಂತ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಕೊಟ್ಟ ವರದಿಯನ್ನು ಕೋರ್ಟ್ ನೆಚ್ಚಿಕೊಂಡಿತ್ತು.

ಆಮೇಲೆ? ಮರುಪರಿಶೀಲನೆ ಅರ್ಜಿ, ತಡೆ, ಕೊನೆಗೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ. ಉಬ್ಬರರೇಖೆಯಿಂದ 200 ಮೀಟರ್ ಒಳಗೆ ಹೊಸ ಹೊಂಡ ಇಲ್ಲ ಅಂತ ಅದರಲ್ಲಿದೆ, ಆದರೆ ಮೊದಲೇ ಇದ್ದವು ಉಳಿದುಕೊಂಡವು. ಕರಾವಳಿ ನಿಯಂತ್ರಣ ವಲಯದ ಹಳೆ ನಿರ್ಬಂಧ ಇದಕ್ಕೆ ಅಡ್ಡಬರದಂತೆಯೂ ಬರೆದುಕೊಂಡರು. ಗೆದ್ದ ಕೇಸನ್ನು ಕಾಯ್ದೆ ಮಾಡಿ ಸೋಲಿಸಿದ ಹಾಗೆ. 2023ರಲ್ಲಿ ಮತ್ತೆ ತಿದ್ದುಪಡಿ ಆಯಿತು.

@ಹಿನ್ನೀರು ನಿಮ್ಮ ವಾದಕ್ಕೆ ಸಂಬಂಧಪಟ್ಟದ್ದು: ಕೊಳೆನೀರು ಸಂಸ್ಕರಣೆ ಕಡ್ಡಾಯ ಇರುವುದು 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಫಾರಂಗೆ. ನಮ್ಮಲ್ಲಿ ಬಹುಪಾಲು ರೈತರು 2 ಹೆಕ್ಟೇರಿಗಿಂತ ಕಮ್ಮಿ ಇರುವವರು. ಬಿಡಿಬಿಡಿಯಾಗಿ ಎಲ್ಲರೂ ಸಣ್ಣವರು, ಒಟ್ಟಿಗೆ ಸೇರಿದರೆ ಹೊಳೆಗೆ ದೊಡ್ಡವರು.

ಬಲೆ_ಬದಿ

ನೀವೆಲ್ಲ ಹೊಂಡದ ಸುತ್ತಲೇ ತಿರುಗುತ್ತಿದ್ದೀರಿ. ಫೀಡ್ ಎಲ್ಲಿಂದ ಬರುತ್ತದೆ? ಸಮುದ್ರದ ಸಣ್ಣ ಮೀನು ಪುಡಿ ಮಾಡಿ. ಬಡವರು ತಿನ್ನುವ ಮೀನು ಸಿಗಡಿ ಹೊಟ್ಟೆಗೆ, ಸಿಗಡಿ ದುಡ್ಡಿದ್ದವರ ಹೊಟ್ಟೆಗೆ. ಈಗ ಸೋಯಾ ಜಾಸ್ತಿ ಮಾಡಿ ಮೀನುಪುಡಿ ಕಮ್ಮಿ ಮಾಡಿದ್ದಾರೆ ಅನ್ನುವುದು ನಿಜ, ಆದರೆ ಫೀಡಿನ ಒಟ್ಟು ಉತ್ಪಾದನೆ ಅದಕ್ಕಿಂತ ಜೋರಾಗಿ ಏರಿದೆ.

ಮರಿಗಳ ವಿಷಯ ಇನ್ನೂ ಕೆಟ್ಟದಾಗಿತ್ತು. ಹ್ಯಾಚರಿ (ಮೊಟ್ಟೆಯಿಂದ ಮರಿ ಮಾಡುವ ಕೇಂದ್ರ) ಬರುವ ಮುಂಚೆ ಸುಂದರಬನದಲ್ಲಿ ಹೆಂಗಸರು ಮಕ್ಕಳು ಸೊಂಟದ ಮಟ್ಟ ನೀರಿನಲ್ಲಿ ಸೊಳ್ಳೆಪರದೆಯಂಥ ಬಲೆ ಎಳೆದು ಟೈಗರ್ ಮರಿ ಹಿಡಿಯುತ್ತಿದ್ದರು, ಮೊಸಳೆ ಇರುವ ನೀರಲ್ಲಿ. ಒಂದು ಟೈಗರ್ ಮರಿ ಆರಿಸಿಕೊಂಡು ಜೊತೆಗೆ ಬಂದ ನೂರಾರು ಬೇರೆ ಮೀನಿನ, ಏಡಿಯ ಮರಿಗಳನ್ನು ದಡದ ಮೇಲೆ ಚೆಲ್ಲುತ್ತಿದ್ದರು. ಬಾಂಗ್ಲಾದೇಶ 2000ದಲ್ಲಿ ನಿಷೇಧ ಮಾಡಿತು. ಬದುಕಲು ಬೇರೆ ದಾರಿ ಕೊಡದೆ ಮಾಡಿದ ನಿಷೇಧ, ಹಾಗಾಗಿ ಪೂರ್ತಿ ನಿಲ್ಲಲಿಲ್ಲ. ವೆನ್ನಾಮಿ ಬಂದ ಮೇಲೆ ಮರಿಯೆಲ್ಲ ಹ್ಯಾಚರಿಯದ್ದೇ. ಈ ಒಂದು ವಿಷಯದಲ್ಲಿ ವೆನ್ನಾಮಿಗೆ ಅಂಕ ಕೊಡಬೇಕು.

ಸುಮ್ನೆ_ಓದುಗ

ಹಾಗಾದರೆ ಸರಿಯಾಗಿ ಮಾಡುವ ವಿಧಾನ ಇಲ್ಲವೇ ಇಲ್ವಾ? ಸಾಂಪ್ರದಾಯಿಕ ಅಂತ ಕಡತ ಅವರು ಬರೆದಿದ್ದಾರಲ್ಲ, ಅದೇನು?

ಕಾಂಡ್ಲಾ_ಬೇರು

ಕೇರಳದ ಪೊಕ್ಕಾಳಿ ಗದ್ದೆ, ನಮ್ಮ ಅಘನಾಶಿನಿ ದಡದ ಗಜನಿ ಇಂಥವು. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದಾಗ ಉಪ್ಪು ತಡೆಯುವ ಭತ್ತ. ಕೊಯ್ಲಾದ ಮೇಲೆ ತೂಬು ತೆಗೆದು ಉಬ್ಬರದ ನೀರು ಬಿಟ್ಟರೆ ಅದರ ಜೊತೆ ಸಿಗಡಿ ಮರಿ ತಾವಾಗಿ ಬರುತ್ತವೆ. ಕೊಳೆತ ಕೂಳೆ ಅವುಗಳ ಮೇವಿಗೆ ಆಧಾರ. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಫೀಡ್ ಚೀಲ ಇಲ್ಲ, ಔಷಧಿ ಇಲ್ಲ. ವಿಯೆಟ್ನಾಮಿನ ಕಾ ಮಾವ್ ಕಡೆ ಕಾಂಡ್ಲಾ ಮರಗಳ ನಡುವಿನ ಕಾಲುವೆಯಲ್ಲೇ ಸಿಗಡಿ ಬೆಳೆಯುತ್ತಾರೆ.

ಲೆಕ್ಕಿಗ

ಚೆಂದ ಇದೆ, ಆದರೆ ಅಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸಿಗುವುದು ಕೆಲವು ನೂರು ಕೆಜಿ. ಜಗತ್ತು ಈಗ ತಿನ್ನುವಷ್ಟು ಸಿಗಡಿಯನ್ನು ಹಾಗೆ ಬೆಳೆಯಲು ಹೊರಟರೆ ಕರಾವಳಿಯೇ ಸಾಲುವುದಿಲ್ಲ. ಒತ್ತೊತ್ತಾಗಿ ಬೆಳೆದರೆ ಜಾಗ ಉಳಿಯುತ್ತದೆ. ಅದಕ್ಕೆ ಕರೆಂಟ್ ಬೇಕು. 5 ಟನ್ ಸಿಗಡಿಗೆ 10 ಎಚ್‌ಪಿ ಏರೇಟರ್ ದಿನಕ್ಕೆ 15 ಗಂಟೆಯಂತೆ 90 ದಿನ ತಿರುಗಿದರೆ ಸುಮಾರು 10,000 ಯೂನಿಟ್, ಅಂದರೆ ಕೆಜಿ ಸಿಗಡಿಗೆ 2 ಯೂನಿಟ್. ಬಯೋಫ್ಲಾಕ್ (ಹೊಂಡದ ಹೊಲಸನ್ನು ಬ್ಯಾಕ್ಟೀರಿಯಾದಿಂದಲೇ ತಿನ್ನಿಸುವ ಪದ್ಧತಿ) ಆದರೆ ನೀರು ಹೊರಗೆ ಬಿಡುವುದು ಇನ್ನೂ ಕಮ್ಮಿ, ಕರೆಂಟ್ ಇನ್ನೂ ಜಾಸ್ತಿ, ಯಾಕೆಂದರೆ ಹೊಲಸು ತಿನ್ನುವ ಬ್ಯಾಕ್ಟೀರಿಯಾಗಳಿಗೂ ಉಸಿರಾಡಲು ಗಾಳಿ ಬೇಕು. ಏನೂ ಬಿಟ್ಟಿ ಸಿಗುವುದಿಲ್ಲ. ಸಿಗಡಿ ಅಗ್ಗವಾಗಿ ಸಿಗುತ್ತಿರುವುದೇ ಕೆಲವು ಖರ್ಚು ಬಿಲ್ಲಿಗೆ ಸೇರದೇ ಇರುವುದರಿಂದ.

ಕಾಂಡ್ಲಾ_ಬೇರು

ಇಷ್ಟು ತಿನ್ನಲೇಬೇಕು ಅಂತ ಎಲ್ಲಿದೆ? ಆ ಪ್ರಶ್ನೆಗೆ ನೀವು ಯಾವಾಗಲೂ ಬರುವುದಿಲ್ಲ ಲೆಕ್ಕಿಗರೇ.

ಸುಮ್ನೆ_ಓದುಗ

ಬಿಟ್ಟುಹೋದ ಹೊಂಡಗಳು ಮತ್ತೆ ಕಾಂಡ್ಲಾ ಆಗುತ್ತವಾ? ಗಿಡ ನೆಟ್ಟರೆ?

ಕಾಂಡ್ಲಾ_ಬೇರು

ಗಿಡ ನೆಡುವುದಕ್ಕಿಂತ ಮೊದಲು ಬದು ಒಡೆಯಬೇಕು. ಉಬ್ಬರ ಇಳಿತದ ನೀರು ಹಳೆ ದಾರಿಯಲ್ಲೇ ಓಡಾಡಲು ಬಿಟ್ಟರೆ ಹತ್ತಿರದಲ್ಲಿ ತಾಯಿಮರ ಇರುವ ಕಡೆ ಬೀಜ ತಾವಾಗಿ ಬಂದು ಬೇರೂರುತ್ತವೆ. ಇಂಡೋನೇಷ್ಯಾದ ತನಕೆಕೆ ದ್ವೀಪದಲ್ಲಿ ಹಳೆ ಹೊಂಡಗಳನ್ನು ಜನರೇ ಹೀಗೆ ಒಡೆದರು. ಫೋಟೋಗೆ ನೆಡುವ ಕಾರ್ಯಕ್ರಮಗಳು ಬಹಳ ಸಲ ಕಾಂಡ್ಲಾ ಯಾವತ್ತೂ ಇರದ ಬರೀ ಕೆಸರುದಂಡೆಯಲ್ಲಿ ಆಗುತ್ತವೆ. ಯಾಕೆಂದರೆ ಹೊಂಡದ ಜಾಗಕ್ಕೆ ಮಾಲೀಕ ಇದ್ದಾನೆ, ದಂಡೆಗೆ ಇಲ್ಲ. ಅಲ್ಲಿ ನೆಟ್ಟದ್ದು ಸಾಯುತ್ತದೆ.

ಕಡತ

ಜವಾಬ್ದಾರಿಯಿಂದ ಬೆಳೆದ ಮೀನು-ಸಿಗಡಿಗೆ ಮುದ್ರೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಎಎಸ್‌ಸಿಯ ಸರ್ಟಿಫಿಕೇಟ್ ಬಗ್ಗೆಯೂ ಸೇರಿಸಿಬಿಡುತ್ತೇನೆ. 1999ರ ಮೇ ನಂತರ ಕಾಂಡ್ಲಾ ಕಡಿದು ಮಾಡಿದ ಹೊಂಡಕ್ಕೆ ಅವರು ಮುದ್ರೆ ಕೊಡುವುದಿಲ್ಲ. ಅದಕ್ಕೂ ಮುಂಚೆ ಕಡಿದವರಿಗೆ ಸಿಗಬಹುದು. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು ಅಂತ ಸಮಜಾಯಿಷಿ. ಇರಲಿ. ಸಣ್ಣ ರೈತನಿಗೆ ಒಬ್ಬನೇ ಆ ಖರ್ಚು ಭರಿಸಲು ಆಗುವುದಿಲ್ಲ.

ಏರೇಟರ್

ಹಿನ್ನೀರು ಅವರೇ, ಹೊಳೆಯನ್ನು ಒಟ್ಟಾಗಿ ನೋಡಬೇಕು ಅಂದಿರಿ. ನಾನೂ ಒಪ್ಪುತ್ತೇನೆ. ಇದು ಹೊಸದೇನಲ್ಲ, ಸಮುದ್ರ ಉತ್ಪನ್ನ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಂಪೆಡಾದ ಕೆಳಗೆ 2007ರಲ್ಲಿ ನಾಕ್ಸಾ ಅಂತ ಒಂದು ಸಂಸ್ಥೆ ಶುರು ಮಾಡಿ ಸಣ್ಣ ರೈತರ ಸಂಘ ಕಟ್ಟಿಸಿದ್ದರು. ಒಂದೇ ಕಾಲುವೆಯವರು ಒಟ್ಟಿಗೆ ಕೂತು ಮರಿ ಬಿಡುವ ದಿನ ಗೊತ್ತು ಮಾಡುವುದು, ಮರಿಗಳನ್ನು ಒಟ್ಟಿಗೆ ಪರೀಕ್ಷೆ ಮಾಡಿಸಿ ತರುವುದು, ರೋಗ ಕಂಡರೆ ಬ್ಲೀಚ್ ಹಾಕದೆ ನೀರು ಬಿಡದಿರುವುದು. ಸಂಘ ಗಟ್ಟಿ ಇರುವ ಕಡೆ ರೋಗ ಕಮ್ಮಿ, ಔಷಧಿ ಖರ್ಚು ಕಮ್ಮಿ. ತಂಗುಹೊಂಡ ಕೂಡ ಹತ್ತು ಜನ ಸೇರಿ ಒಂದು ಮಾಡಿಕೊಳ್ಳಬಹುದು, ನನ್ನ ಎರಡು ಎಕರೆಯವನ ಪ್ರಶ್ನೆಗೆ ಉತ್ತರ ಅದೇ.

ಆದರೆ ಒಂದು ತೊಡಕು ಇದೆ. ನನ್ನ ಹೊಂಡಕ್ಕೆ ಬಿಳಿಚುಕ್ಕೆ ಬಂತು ಅಂತ ನಾನು ಬಾಯಿಬಿಟ್ಟರೆ ನನಗೇನು ಸಿಗುತ್ತದೆ? ಖರೀದಿದಾರ ದರ ಇಳಿಸುತ್ತಾನೆ, ಫೀಡ್ ಅಂಗಡಿಯವನು ಸಾಲ ವಾಪಸ್ ಕೇಳುತ್ತಾನೆ, ವಿಮೆ ಕೈಗೆ ಸಿಗುವಂಥದ್ದಲ್ಲ. ಬಾಯಿ ಮುಚ್ಚಿಕೊಂಡು ತೂಬು ತೆಗೆದರೆ ಅರ್ಧ ಸಾಲವಾದರೂ ತೀರುತ್ತದೆ.

ಹಿನ್ನೀರು

ಅಲ್ಲೇ ಶುರುವಾಗಬೇಕು ಅಂತ ನನಗನ್ನಿಸುತ್ತದೆ. ರೋಗ ಬಂತು ಅಂತ ಹೇಳಿ ತೂಬು ಮುಚ್ಚಿಟ್ಟವನಿಗೆ ಆ ಬೆಳೆಯ ಮರಿ ಮತ್ತು ಫೀಡಿನ ದುಡ್ಡಿನಲ್ಲಿ ಒಂದು ಪಾಲು ಕೊಡಲಿ. ದುಡ್ಡು ಎಲ್ಲಿಂದ ಅಂತ ಕೇಳಬೇಡಿ, ರಫ್ತಾಗುವ ಪ್ರತಿ ಕೆಜಿ ಮೇಲೆ ಸಣ್ಣ ಸೆಸ್ ಹಾಕಿದರೆ ಆಯಿತು. ಹೊಳೆಯ ಮೇಲಿನ ಎಲ್ಲ ಹೊಂಡಗಳಿಗೂ ಸೇರಿ ಒಂದು ಪರವಾನಗಿ ಇರಲಿ, ಇಷ್ಟು ಹೆಕ್ಟೇರ್ ಆದ ಮೇಲೆ ಇನ್ನು ಹೊಸದಿಲ್ಲ ಅಂತ.

ಒಣಗದ್ದೆ

ಆ ಸೆಸ್‌ನಲ್ಲಿ ಬಾವಿ ಉಪ್ಪಾದವರಿಗೂ ಪಾಲು ಇದೆಯೋ, ಹೊಂಡ ಇದ್ದವರಿಗೆ ಮಾತ್ರವೋ? ಪರವಾನಗಿ ಕೊಡುವ ಸಭೆಯಲ್ಲಿ ಭತ್ತದವರು, ಬಲೆಯವರು ಕೂರುತ್ತಾರೋ?

ಹಿನ್ನೀರು

ಕೂರಬೇಕು. ಅವರ ಸಹಿ ಇಲ್ಲದೆ ಪರವಾನಗಿ ಆಗಬಾರದು.

ಏರೇಟರ್

ಸಹಿ ಅಂದರೆ ಕಷ್ಟ. ಒಬ್ಬ ಬೇಡ ಅಂದರೆ ಹತ್ತು ಜನರ ಹೊಂಡ ನಿಲ್ಲುತ್ತದೆ.

ಒಣಗದ್ದೆ

ಇಷ್ಟು ದಿನ ಒಬ್ಬರ ಹೊಂಡಕ್ಕೆ ಹತ್ತು ಜನರ ಗದ್ದೆ ನಿಂತಿದೆ. ಈ ಸಲ ಅವರನ್ನು ಕೇಳಿಕೊಂಡೇ ಶುರು ಮಾಡಿ.